34 ಇಂಚಿನ ಅಗಲ ಮಾನಿಟರ್: ‘ದ’ ಯಾವುದು, ‘ಧ’ ಯಾವುದು ಗೊತ್ತಾಗದಿದ್ದರೆ ತಪ್ಪು ಯಾರದು?

21:9 ಅಳತೆಯ, ಅಂದರೆ ಅಗಲ 21 ಪಾಲಾದರೆ ಎತ್ತರ 9 ಪಾಲಿರುವ, ಹೊಸ ಮಾನಿಟರ್ ಮೇಜಿಗೆ ಬಂದ ಮೊದಲ ವಾರದಲ್ಲಿ ಕೇಳಿಬರುವ ದೂರುಗಳು ಹೆಚ್ಚುಕಮ್ಮಿ ನಾಲ್ಕೇ. ಅಕ್ಷರ ಮಸುಕು, ಕಪ್ಪು ಬಣ್ಣ ಬೂದಿಯಾಗಿದೆ, ಮೂಲೆಯಿಂದ ಬೆಳಕು ಸೋರುತ್ತಿದೆ, ಸ್ಕ್ರೋಲ್ ಮಾಡಿದರೆ ಹಿಂದೆ ನೆರಳು ಎಳೆಯುತ್ತದೆ. ಮೊದಲೆರಡು ಬಹುಮಟ್ಟಿಗೆ ಕೇಬಲ್ ಮತ್ತು ಸೆಟ್ಟಿಂಗ್‌ಗಳ ಕಿತಾಪತಿ, ಹತ್ತು ನಿಮಿಷದಲ್ಲಿ ಸರಿಹೋಗುತ್ತವೆ. ನಾಲ್ಕನೆಯದು ಪ್ಯಾನೆಲ್‌ನ ಹುಟ್ಟುಗುಣ. ಗಾದೆ ಹೇಳುವಂತೆ ಸುಟ್ಟರೂ ಹೋಗದು. ಬದಲಿಸಿಕೊಡಿ ಎಂದು ಗಟ್ಟಿಯಾಗಿ ಕೇಳಬಹುದಾದದ್ದು ಮೂರನೆಯದನ್ನು ಮಾತ್ರ, ಅದೂ ಎಲ್ಲ ಸಲವಲ್ಲ. ಈ ವ್ಯತ್ಯಾಸ ಗೊತ್ತಿಲ್ಲದೆ ಒಳ್ಳೆಯ ಮಾನಿಟರನ್ನು ವಾಪಸ್ ಕಳಿಸುವವರಿದ್ದಾರೆ. ಕೆಟ್ಟದ್ದನ್ನು ‘ಏನೋ ಸೆಟ್ಟಿಂಗ್ ಇರಬೇಕು’ ಎಂದು ಇಟ್ಟುಕೊಂಡು ಗಡುವು ದಾಟಿಸಿಕೊಳ್ಳುವವರೂ ಇದ್ದಾರೆ.

ಇಲ್ಲಿ ಎತ್ತಿಕೊಂಡಿರುವುದು ಒಂದು ಬ್ರಾಂಡನ್ನಲ್ಲ, ಇಡೀ ವರ್ಗವನ್ನು: 34 ಇಂಚು, 3440×1440 ರೆಸಲ್ಯೂಶನ್, ಬಾಗಿದ ವಿಎ ಪ್ಯಾನೆಲ್ (ಕಪ್ಪನ್ನು ಗಾಢವಾಗಿ ತೋರಿಸುವ ಎಲ್‌ಸಿಡಿ ಬಗೆ), 100ರಿಂದ 165 ಹರ್ಟ್ಜ್ (ಸೆಕೆಂಡಿಗೆ ಅಷ್ಟು ಸಲ ಚಿತ್ರ ಬದಲಿಸುವ ವೇಗ). ಸ್ಟ್ಯಾಂಡು, ಲೋಗೊ ಬೇರೆಯಾದರೂ ಒಳಗಿನ ಪ್ಯಾನೆಲ್‌ಗಳು ಬೆರಳೆಣಿಕೆಯ ಕಾರ್ಖಾನೆಗಳಿಂದ ಬರುವುದರಿಂದ ಗುಣದೋಷಗಳಲ್ಲಿ ಅಣ್ಣತಮ್ಮಂದಿರ ಹೋಲಿಕೆಯಿದೆ.

ಮೊದಲು ಅಳತೆ. 34 ಇಂಚಿನ ಈ ಪರದೆ ಸುಮಾರು 80 ಸೆಂ.ಮೀ. ಅಗಲ, 33 ಸೆಂ.ಮೀ. ಎತ್ತರ. ಅಂದರೆ ಮಾಮೂಲಿ 27 ಇಂಚಿನ ಮಾನಿಟರಿನಷ್ಟೇ ಎತ್ತರ, ಪಕ್ಕಕ್ಕೆ ಇನ್ನೊಂದು ಗೇಣು ಜಾಗ. ಒಂದು ಇಂಚಿಗೆ ಸುಮಾರು 110 ಪಿಕ್ಸೆಲ್, ಒಂದು ಪಿಕ್ಸೆಲ್ 0.23 ಮಿ.ಮೀ. ಇದೇ 34 ಇಂಚಿನಲ್ಲಿ 2560×1080 ರೆಸಲ್ಯೂಶನ್ನಿನ ಅಗ್ಗದ ಮಾದರಿಗಳೂ ಇವೆ. ಅಲ್ಲಿ ಇಂಚಿಗೆ 82 ಪಿಕ್ಸೆಲ್, ಪಿಕ್ಸೆಲ್ ಒಂದರ ಗಾತ್ರ 0.31 ಮಿ.ಮೀ. ಇಂಗ್ಲಿಷ್ ಓದುವವರು ಅದರಲ್ಲಿ ಹೇಗೋ ಸಂಭಾಳಿಸಬಹುದು, ಕನ್ನಡಕ್ಕೆ ಅದು ಸಾಲದು. ಹೊಟ್ಟೆ ಸೀಳಿದ ‘ಧ’ದ ಆ ಸಣ್ಣ ಗೀಟು, ‘ಷ’ದೊಳಗಿನ ಅಡ್ಡಗೆರೆ, ‘ಸ್ತ್ರೀ’ಯ ಕೆಳಗೆ ಒಂದರಡಿ ಒಂದು ತೂಗುವ ಒತ್ತುಗಳು, ಇವೆಲ್ಲ ಒಂದೋ ಎರಡೋ ಪಿಕ್ಸೆಲ್‌ನಲ್ಲಿ ಮುಗಿಯುವ ಸಂಗತಿಗಳು. ಪಿಕ್ಸೆಲ್ ದಪ್ಪವಾದಷ್ಟೂ ‘ಧನ’ ‘ದನ’ವಾಗುತ್ತದೆ. ಇದಕ್ಕೆ ಯಾವ ಸೆಟ್ಟಿಂಗೂ ಮದ್ದಲ್ಲ. ಆದ್ದರಿಂದ 34 ಇಂಚಿನಲ್ಲಿ 2560×1080 ಬೇಡವೇ ಬೇಡ. ಅದೇ ರೆಸಲ್ಯೂಶನ್ 29 ಇಂಚಿನಲ್ಲಿ ಬಂದರೆ ಇಂಚಿಗೆ 96 ಪಿಕ್ಸೆಲ್ ಸಿಗುತ್ತದೆ, ನಡೆಯುತ್ತದೆ. ಆದರೆ ಎತ್ತರ 28.6 ಸೆಂ.ಮೀ. ಮಾತ್ರ, 24 ಇಂಚಿನ ಮಾಮೂಲಿ ಮಾನಿಟರಿಗಿಂತಲೂ ಗಿಡ್ಡ. ಮೊದಲು 32 ಇಂಚು ದಾಟಿದ ಮಾನಿಟರ್‌ಗೆ ಶೇ. 28 ಜಿಎಸ್‌ಟಿ, ಅದರೊಳಗಿನವಕ್ಕೆ ಶೇ. 18 ಇತ್ತು. 2025ರ ಸೆಪ್ಟೆಂಬರ್ 22ರಿಂದ ಎರಡಕ್ಕೂ ಶೇ. 18. ತೆರಿಗೆ ಉಳಿಸಲೆಂದು 29 ಇಂಚಿಗೆ ಇಳಿಯುವ ಲೆಕ್ಕಾಚಾರಕ್ಕೆ ಈಗ ಅರ್ಥವಿಲ್ಲ.

ಸರಿಯಾದ ಮಾನಿಟರೇ ಬಂದಿದೆ, ಆದರೂ ಅಕ್ಷರ ಚೆನ್ನಾಗಿಲ್ಲ ಎಂದುಕೊಳ್ಳಿ. ಕಂಪ್ಯೂಟರಿನ ಒಳಗೆ ಕೈಹಾಕುವ ಮುನ್ನ ಮಾನಿಟರಿನ ಬಟನ್ ಒತ್ತಿ ಅದರದೇ ಮೆನು ತೆರೆಯಿರಿ. ಆ ಮೆನು ಮಾನಿಟರಿನೊಳಗೇ ತಯಾರಾಗುವಂಥದ್ದು. ಕೇಬಲಿಗೂ ವಿಂಡೋಸಿಗೂ ಅದಕ್ಕೂ ಸಂಬಂಧವಿಲ್ಲ. ಮೆನುವಿನ ಅಕ್ಷರಗಳ ಅಂಚು ಚೂಪಾಗಿದ್ದು ಹಿಂದಿನ ಡೆಸ್ಕ್‌ಟಾಪ್ ಮಾತ್ರ ಮಸುಕಾಗಿದ್ದರೆ ಪ್ಯಾನೆಲ್ ನಿರ್ದೋಷಿ, ಸಿಗ್ನಲ್ ಅಪರಾಧಿ. ಮೆನುವಿನ ಮೇಲೂ ಗೆರೆ, ಕಲೆ, ಮಿಣುಕು ಹಾಯ್ದುಹೋದರೆ ಮಾನಿಟರೇ ಕೆಟ್ಟಿದೆ. ಮುಂದಿನದನ್ನೆಲ್ಲ ಬಿಟ್ಟು ನೇರವಾಗಿ ವಾಪಸಿನ ದಾರಿ ಹಿಡಿಯಬಹುದು. ಗೆರೆಗಳ ವಿಷಯದಲ್ಲಿ ಇನ್ನೊಂದು ಉಪಾಯ: ಸ್ಕ್ರೀನ್‌ಶಾಟ್ ತೆಗೆದು ಮೊಬೈಲಿನಲ್ಲಿ ನೋಡಿ. ಅದರಲ್ಲೂ ಗೆರೆ ಇದ್ದರೆ ಗ್ರಾಫಿಕ್ಸ್ ಕಾರ್ಡ್ ಅಥವಾ ಡ್ರೈವರ್ ಕಡೆ ತಿರುಗಬೇಕು.

ಅದೇ ಮೆನುವಿನಲ್ಲಿ ‘ಇನ್ಫರ್ಮೇಶನ್’ ಪುಟವಿರುತ್ತದೆ. ಬರುತ್ತಿರುವ ರೆಸಲ್ಯೂಶನ್ ಮತ್ತು ಹರ್ಟ್ಜ್ ಅಲ್ಲಿ ಕಾಣುತ್ತದೆ. 3440×1440 ಎಂದಿಲ್ಲದಿದ್ದರೆ ರೋಗ ಸಿಕ್ಕಿದಂತೆ. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಅಡ್ವಾನ್ಸ್ಡ್ ಡಿಸ್‌ಪ್ಲೇ ಎಂದು ಹೋದರೆ ಎರಡು ಸಾಲು ಸಿಗುತ್ತವೆ: ‘ಡೆಸ್ಕ್‌ಟಾಪ್ ಮೋಡ್’ ಮತ್ತು ‘ಆಕ್ಟಿವ್ ಸಿಗ್ನಲ್ ಮೋಡ್’. ಇವೆರಡೂ ಒಂದೇ ಇರಬೇಕು. ಬೇರೆಯಾಗಿದ್ದರೆ ಕಾರ್ಡು ಚಿತ್ರವನ್ನು ಹಿಗ್ಗಿಸಿಯೋ ಕುಗ್ಗಿಸಿಯೋ ಕಳಿಸುತ್ತಿದೆ ಎಂದರ್ಥ, ಮಸುಕು ಅಲ್ಲಿಂದಲೇ. 3440×1440 ಪಟ್ಟಿಯಲ್ಲೇ ಇಲ್ಲವೆ? ಡಿವೈಸ್ ಮ್ಯಾನೇಜರ್‌ನಲ್ಲಿ ‘ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್’ ಎಂದಿದ್ದರೆ ಗ್ರಾಫಿಕ್ಸ್ ಡ್ರೈವರ್ ಹಾಕಿಯೇ ಇಲ್ಲ. ಮಾನಿಟರ್ ಹೆಸರು ‘ಜೆನೆರಿಕ್ ಪಿಎನ್‌ಪಿ’ ಎಂದಿರುವುದಕ್ಕೆ ತಲೆ ಕೆಡಿಸಿಕೊಳ್ಳಬೇಡಿ, ಅದರಿಂದ ಚಿತ್ರ ಕೆಡುವುದಿಲ್ಲ. ವೃತ್ತ ಮೊಟ್ಟೆಯಾಕಾರವಾಗಿ ಕಂಡರೆ 1920×1080 ಚಿತ್ರವನ್ನು ಮಾನಿಟರ್ ಅಡ್ಡಕ್ಕೆ ಮೂರನೇ ಒಂದರಷ್ಟು ಎಳೆದು ತುಂಬಿಸುತ್ತಿದೆ.

ಇನ್ನು ಕೇಬಲ್. ಈ ವರ್ಗದ ಮಾನಿಟರ್‌ಗಳಲ್ಲಿ ಅತಿ ಹೆಚ್ಚು ಗೊಂದಲ ಇಲ್ಲಿಯೇ, ಯಾಕೆಂದರೆ ಅಂಗಡಿಯವರು ‘ಎಚ್‌ಡಿಎಂಐ ಇದೆ ಸಾರ್, ಸಾಕು’ ಎಂದುಬಿಡುತ್ತಾರೆ. 3440×1440 ಅನ್ನು 60 ಹರ್ಟ್ಜ್‌ನಲ್ಲಿ ಓಡಿಸಲು ಸುಮಾರು 320 ಮೆಗಾಹರ್ಟ್ಜ್ ಪಿಕ್ಸೆಲ್ ಕ್ಲಾಕ್ (ಪಿಕ್ಸೆಲ್‌ಗಳನ್ನು ಸಾಗಿಸುವ ವೇಗ) ಬೇಕು. ಎಚ್‌ಡಿಎಂಐ 1.4ರ ಗರಿಷ್ಠ ಮಿತಿ 340. ಕಾಗದದ ಮೇಲೆ ಸಾಕು. ಆದರೆ ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಹಲವು 297ಕ್ಕೇ ನಿಂತುಬಿಡುತ್ತವೆ, 50 ಅಥವಾ 30 ಹರ್ಟ್ಜ್ ಕೊಡುತ್ತವೆ. 30 ಹರ್ಟ್ಜ್‌ನಲ್ಲಿ ಮೌಸ್ ಬಾಣ ಕುಂಟುತ್ತಾ ನಡೆಯುವುದು ಬರಿಗಣ್ಣಿಗೇ ಕಾಣುತ್ತದೆ. ಎಚ್‌ಡಿಎಂಐ 2.0 ಇದ್ದರೆ 100 ಹರ್ಟ್ಜ್‌ವರೆಗೆ ತೊಂದರೆಯಿಲ್ಲ. ಇನ್ನೊಂದು ಬಗೆಯ ಜೋಡಣೆಯಾದ ಡಿಸ್‌ಪ್ಲೇ ಪೋರ್ಟ್‌ನ 1.2 ಆವೃತ್ತಿ ನಿಜವಾಗಿ ಸಾಗಿಸುವುದು ಸೆಕೆಂಡಿಗೆ 17.28 ಗಿಗಾಬಿಟ್, 3440×1440ರಲ್ಲಿ 144 ಹರ್ಟ್ಜ್‌ಗೆ ಬರೀ ಚಿತ್ರದ ಭಾಗವೇ 17.1 ಗಿಗಾಬಿಟ್ ಆಗುವುದರಿಂದ ಸಾಲು, ಚೌಕಟ್ಟುಗಳ ನಡುವಿನ ಬಿಡುವು ಸೇರಿದರೆ ಮಿತಿ ಮೀರುತ್ತದೆ. 144ಕ್ಕೆ ಡಿಸ್‌ಪ್ಲೇ ಪೋರ್ಟ್ 1.4 ಬೇಕು. ಮಾನಿಟರಿನ ಮೆನುವಿನಲ್ಲೇ 1.2, 1.4 ಆಯ್ಕೆ ಇರುವ ಮಾದರಿಗಳುಂಟು, ಕಾರ್ಖಾನೆಯಿಂದ 1.2ರಲ್ಲಿ ಬಂದಿರುತ್ತವೆ. 144 ಸಿಗುತ್ತಿಲ್ಲ ಎಂದು ಕೇಬಲ್ ಮೇಲೆ ಕೇಬಲ್ ಕೊಳ್ಳುವ ಮುಂಚೆ ಅದನ್ನೊಮ್ಮೆ ನೋಡಿ.

ಪರದೆಯ ಮೇಲೆ ನಕ್ಷತ್ರದಂತೆ ಬಿಳಿ ಚುಕ್ಕಿ ಮಿನುಗುವುದು, ಎರಡು ಸೆಕೆಂಡ್ ಕಪ್ಪಾಗಿ ಮತ್ತೆ ಬರುವುದು, ಇವು ಕೇಬಲ್ ಸೋಲುತ್ತಿರುವ ಲಕ್ಷಣ. ಹರ್ಟ್ಜ್ ಇಳಿಸಿದಾಗ ನಿಂತುಹೋದರೆ ಖಾತ್ರಿ. 144ರ ಓಟಕ್ಕೆ 2 ಮೀಟರ್ ಒಳಗಿನ ಡಿಸ್‌ಪ್ಲೇ ಪೋರ್ಟ್ ಕೇಬಲ್ ಇಟ್ಟುಕೊಳ್ಳಿ. ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಕೇಳಿದರೆ 5 ಮೀಟರಿನದೂ ಸಿಗುತ್ತದೆ, ಮಾನಿಟರ್ ಪೆಟ್ಟಿಗೆಯ ಕೇಬಲಿಗಿಂತ ದಪ್ಪವಾಗಿಯೂ ಇರುತ್ತದೆ. ದಪ್ಪಗಿದ್ದ ಮಾತ್ರಕ್ಕೆ ಗುಣ ಹೆಚ್ಚು ಎಂದಲ್ಲ. ಅಗ್ಗದ ಡಿಸ್‌ಪ್ಲೇ ಪೋರ್ಟ್ ಕೇಬಲ್‌ಗಳಲ್ಲಿ ಇಪ್ಪತ್ತನೆಯ ಪಿನ್ನನ್ನು ಎರಡೂ ತುದಿಗೆ ಜೋಡಿಸಿಬಿಟ್ಟಿರುತ್ತಾರೆ. ಆ ಪಿನ್ನಿನಲ್ಲಿ 3.3 ವೋಲ್ಟ್ ಇರುತ್ತದೆ, ಅದು ಮಾನಿಟರಿನಿಂದ ಕಾರ್ಡಿಗೆ ಹಿಮ್ಮುಖವಾಗಿ ಹರಿದರೆ ಕಂಪ್ಯೂಟರ್ ಬೂಟ್ ಆಗಲು ಹಟ ಮಾಡುತ್ತದೆ. ಯುಎಸ್‌ಬಿ-ಸಿ ಕೇಬಲಿನಲ್ಲಿ ಚಿತ್ರ ಬರಬೇಕಾದರೆ ಲ್ಯಾಪ್‌ಟಾಪಿನ ಆ ಪೋರ್ಟಿಗೆ ‘ಡಿಸ್‌ಪ್ಲೇ ಪೋರ್ಟ್ ಆಲ್ಟ್ ಮೋಡ್’ ಇರಲೇಬೇಕು, ಕೇಬಲೂ ಚಿತ್ರ ಸಾಗಿಸುವಂಥದ್ದಾಗಿರಬೇಕು. ಮೊಬೈಲ್ ಚಾರ್ಜರಿನ ಜೊತೆ ಬಂದ ಕೇಬಲ್ ಹಾಕಿ ಪರದೆ ಕಪ್ಪು ಎಂದರೆ ಮಾನಿಟರ್ ಏನು ಮಾಡೀತು?

ನಂಬಲು ಕಷ್ಟವಾದರೂ ನಿಜವಾದ ಒಂದು ಮಾತು: ಗ್ಯಾಸ್ ಲಿಫ್ಟ್ ಇರುವ ಆಫೀಸ್ ಕುರ್ಚಿಯಿಂದ ಎದ್ದಾಗ ಮಾನಿಟರ್ ಕ್ಷಣಕಾಲ ಕಪ್ಪಾಗುವುದುಂಟು. ಕುರ್ಚಿಯಲ್ಲಿ ಕೂಡಿದ ಸ್ಥಿರ ವಿದ್ಯುತ್ ಬಿಡುಗಡೆಯಾದಾಗ ಕವಚ ಸರಿಯಿಲ್ಲದ ಕೇಬಲ್ ಅದನ್ನು ಹಿಡಿದುಕೊಳ್ಳುತ್ತದೆ. ಒಳ್ಳೆಯ ಕವಚದ ಕೇಬಲ್ ಅಥವಾ ಫೆರೈಟ್ ಉಂಗುರ (ವಿದ್ಯುತ್ ಗದ್ದಲ ತಡೆಯುವ ಕಾಂತೀಯ ಬಳೆ) ಹಾಕಿದರೆ ಹೋಗುತ್ತದೆ.

‘ಕಪ್ಪು ಕಪ್ಪಾಗಿಲ್ಲ’ ಎಂಬ ದೂರಿಗೆ ಬರೋಣ. ವಿಎ ಪ್ಯಾನೆಲ್‌ನ ಕಾಂಟ್ರಾಸ್ಟ್, ಅಂದರೆ ಬಿಳಿಗೂ ಕಪ್ಪಿಗೂ ಇರುವ ಹೊಳಪಿನ ಅಂತರ, ಸುಮಾರು 3000:1; ಇನ್ನೊಂದು ಬಗೆಯ ಪ್ಯಾನೆಲ್ ಆದ ಮಾಮೂಲಿ ಐಪಿಎಸ್‌ನದು 1000:1. ವಿಎ ಕೊಂಡು ಕಪ್ಪು ಬೂದಿಯಾಗಿ ಕಂಡರೆ ಶಂಕೆ ಮೊದಲು ಹೋಗಬೇಕಾದದ್ದು ಬಣ್ಣದ ವ್ಯಾಪ್ತಿಯ ಮೇಲೆ. ಕಂಪ್ಯೂಟರ್ ಬಣ್ಣವನ್ನು 0ಯಿಂದ 255ರವರೆಗೆ ಎಣಿಸುತ್ತದೆ, ಟೀವಿ ಲೋಕದ ರೂಢಿ 16ರಿಂದ 235. ಎಚ್‌ಡಿಎಂಐ ಹಾಕಿದಾಗ ಕೆಲವು ಕಾರ್ಡುಗಳು ಎದುರಿಗಿರುವುದು ಟೀವಿ ಎಂದುಕೊಂಡು 16–235 ಕಳಿಸುತ್ತವೆ. ಮಾನಿಟರ್ ಅದನ್ನು 0–255 ಎಂದು ಓದಿದಾಗ ಕಪ್ಪು 16ರಲ್ಲೇ ನಿಂತು ಬೂದಿಯಾಗುತ್ತದೆ, ಬಿಳಿ ಮಂಕಾಗುತ್ತದೆ, ಇಡೀ ಪರದೆಯ ಮೇಲೆ ಹಾಲಿನ ಕೆನೆ ಹರಡಿದಂತಿರುತ್ತದೆ. ತಪ್ಪು ಉಲ್ಟಾ ಆದರೆ ಕಡುನೆರಳಿನ ವಿವರಗಳೆಲ್ಲ ಮುಳುಗಿ ಕೂದಲು, ಕರಿ ಸೀರೆಯ ನೆರಿಗೆ ಒಂದೇ ಮುದ್ದೆಯಾಗುತ್ತವೆ. ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನಲ್ಲಿ ‘ಚೇಂಜ್ ರೆಸಲ್ಯೂಶನ್’ ಪುಟದ ಕೆಳಗೆ ‘ಔಟ್‌ಪುಟ್ ಕಲರ್ ಫಾರ್ಮ್ಯಾಟ್’ ಆರ್‌ಜಿಬಿ, ‘ಡೈನಮಿಕ್ ರೇಂಜ್’ ಫುಲ್ ಎಂದಿರಲಿ. ಎಎಂಡಿಯಲ್ಲಿ ‘ಪಿಕ್ಸೆಲ್ ಫಾರ್ಮ್ಯಾಟ್’ ಅಡಿಯಲ್ಲಿ ‘ಫುಲ್ ಆರ್‌ಜಿಬಿ’, ಇಂಟೆಲ್‌ನಲ್ಲಿ ‘ಕ್ವಾಂಟೈಸೇಶನ್ ರೇಂಜ್’ ಫುಲ್. ಮಾನಿಟರಿನ ಮೆನುವಿನಲ್ಲೂ ‘ಎಚ್‌ಡಿಎಂಐ ಬ್ಲ್ಯಾಕ್ ಲೆವೆಲ್’ ಅಥವಾ ‘ಆರ್‌ಜಿಬಿ ರೇಂಜ್’ ಎಂಬುದಿದ್ದರೆ ಎರಡೂ ಕಡೆ ತಾಳೆಯಾಗಬೇಕು. ಡಿಸ್‌ಪ್ಲೇ ಪೋರ್ಟ್ ಬಳಸಿದರೆ ಈ ರಗಳೆ ಬಹಳ ಕಡಿಮೆ.

ಬಣ್ಣದ ಇನ್ನೊಂದು ಕೀಟಲೆ ಕ್ರೋಮಾ ಕಡಿತ. ಬ್ಯಾಂಡ್‌ವಿಡ್ತ್ (ಕೇಬಲ್ ಸಾಗಿಸಬಲ್ಲ ಪ್ರಮಾಣ) ಸಾಲದಾದಾಗ ಕಾರ್ಡು ಹೊಳಪನ್ನು ಪೂರ್ತಿ ಕಳಿಸಿ ಬಣ್ಣವನ್ನು ಅರ್ಧವೋ ಕಾಲೋ ಭಾಗಕ್ಕೆ ಇಳಿಸುತ್ತದೆ, ಅಂದರೆ 4:2:2 ಅಥವಾ 4:2:0. ಫೋಟೊ, ವಿಡಿಯೊದಲ್ಲಿ ಗೊತ್ತೇ ಆಗುವುದಿಲ್ಲ, ಅಕ್ಷರದಲ್ಲಿ ಮಾತ್ರ ಮಾನ ಹೋಗುತ್ತದೆ. ಪರೀಕ್ಷೆ ಸುಲಭ: ಕಪ್ಪು ಹಿನ್ನೆಲೆಯ ಮೇಲೆ ಕೆಂಪಿನಲ್ಲೂ ನೀಲಿಯಲ್ಲೂ ‘ದ ಧ ಪ ಷ ಬ ಭ ಡ ಢ ಕ್ಷ್ಮಿ ಸ್ತ್ರೀ’ ಎಂದು 11 ಪಾಯಿಂಟಿನಲ್ಲಿ ಬರೆದು ನೋಡಿ. ಬಿಳಿ ಅಕ್ಷರ ಚೂಪಾಗಿದ್ದು ಕೆಂಪು ಮಾತ್ರ ಕಲಸಿಹೋಗಿದ್ದರೆ ಇದೇ ಕಾರಣ. ಹರ್ಟ್ಜ್ ಒಂದು ಮೆಟ್ಟಿಲು ಇಳಿಸಿ ಫಾರ್ಮ್ಯಾಟನ್ನು ಆರ್‌ಜಿಬಿಗೆ ತಂದರೆ ಕೆಂಪೂ ಚೂಪಾಗುತ್ತದೆ. ಕೆಲವು ಮಾನಿಟರ್‌ಗಳಲ್ಲಿ ಎಚ್‌ಡಿಎಂಐ ಇನ್‌ಪುಟ್‌ಗೆ ‘ಪಿಸಿ’ ಮತ್ತು ‘ಎವಿ’ ಎಂಬ ಆಯ್ಕೆಯಿರುತ್ತದೆ. ‘ಎವಿ’ಯಲ್ಲಿದ್ದರೆ ಟೀವಿಯಂತೆ ಅಂಚು ಕತ್ತರಿಸಿ ಚಿತ್ರವನ್ನು ಹಿಗ್ಗಿಸುತ್ತದೆ. ‘ಪಿಸಿ’ ಮಾಡಿ.

ಸ್ಕೇಲಿಂಗ್, ಅಂದರೆ ಅಕ್ಷರ, ಐಕಾನ್‌ಗಳನ್ನು ಹಿಗ್ಗಿಸಿ ತೋರಿಸುವುದರ ಬಗ್ಗೆ ಚುಟುಕಾಗಿ. 110 ಪಿಕ್ಸೆಲ್ ಸಾಂದ್ರತೆಗೆ 100% ಸಾಕು. ಕಣ್ಣಿಗೆ ಕಷ್ಟವಾದರೆ ಅಥವಾ ಕನ್ನಡವೇ ಹೆಚ್ಚು ಓದುವುದಾದರೆ 125% ಒಳ್ಳೆಯದು. 125%ರಲ್ಲಿ ಹಳೆಯ ತಂತ್ರಾಂಶಗಳು ಮಾತ್ರ ಮಸುಕಾಗುತ್ತವೆ. ಅವುಗಳ ಐಕಾನ್ ಮೇಲೆ ಬಲ ಕ್ಲಿಕ್, ಪ್ರಾಪರ್ಟೀಸ್, ಕಂಪ್ಯಾಟಿಬಿಲಿಟಿ, ‘ಚೇಂಜ್ ಹೈ ಡಿಪಿಐ ಸೆಟ್ಟಿಂಗ್ಸ್’ಗೆ ಹೋಗಿ ಓವರ್‌ರೈಡ್‌ಗೆ ಟಿಕ್ ಹಾಕಿ ‘ಸಿಸ್ಟಮ್ (ಎನ್‌ಹ್ಯಾನ್ಸ್ಡ್)’ ಆರಿಸಿ. ಆಮೇಲೆ ಸ್ಟಾರ್ಟ್ ಮೆನುವಿನಲ್ಲಿ ಕ್ಲಿಯರ್‌ಟೈಪ್ (ಅಕ್ಷರದ ಅಂಚು ನಯಗೊಳಿಸುವ ಸಾಧನ) ಎಂದು ಹುಡುಕಿ, ಅದು ತೋರಿಸುವ ಮಾದರಿಗಳಲ್ಲಿ ಚೆನ್ನಾಗಿ ಕಂಡದ್ದನ್ನು ಆರಿಸುತ್ತ ಹೋಗಿ. ಮ್ಯಾಕ್ ಬಳಸುವವರಿಗೆ ಈ ಸೌಕರ್ಯವಿಲ್ಲ. 2018ರ ಮೊಹಾವಿ ಆವೃತ್ತಿಯಿಂದ ಆಪಲ್, ಪಿಕ್ಸೆಲ್ಲಿನೊಳಗಿನ ಕೆಂಪು, ಹಸಿರು, ನೀಲಿ ತುಣುಕುಗಳನ್ನು ಬಳಸಿ ಅಂಚು ನಯಗೊಳಿಸುವ ಸಬ್‌ಪಿಕ್ಸೆಲ್ ಮೃದುಗೊಳಿಸುವಿಕೆಯನ್ನು ಕೈಬಿಟ್ಟಿದೆ, 110ರ ಸಾಂದ್ರತೆಯಲ್ಲಿ ಅಕ್ಷರ ಕೊಂಚ ಮೆತ್ತಗೆ ಕಾಣುವುದು ಸಹಜ. ಮ್ಯಾಕ್‌ಗಾಗಿಯೇ ಕೊಳ್ಳುವುದಾದರೆ ಈ ವರ್ಗಕ್ಕಿಂತ 4ಕೆ ಮೇಲು.

ಮಾನಿಟರಿನೊಳಗಿನ ಸೆಟ್ಟಿಂಗ್‌ಗಳಲ್ಲಿ ಅತಿ ಹೆಚ್ಚು ಹಾಳುಮಾಡುವುದು ‘ಶಾರ್ಪ್‌ನೆಸ್’. ಹೆಸರು ನೋಡಿ ಮೋಸ ಹೋಗಬೇಡಿ. ಏರಿಸಿದಷ್ಟೂ ಅಕ್ಷರದ ಸುತ್ತ ಬಿಳಿ ಅಂಚು ಮೂಡುತ್ತದೆ, ಒತ್ತಕ್ಷರದ ನಡುವಿನ ಸಂದು ಮುಚ್ಚಿಹೋಗುತ್ತದೆ. ಏನೂ ಸೇರಿಸದ ತಟಸ್ಥ ಬಿಂದು ಕೆಲವು ಮಾದರಿಗಳಲ್ಲಿ 0, ಕೆಲವದರಲ್ಲಿ 50. ಬೂದಿ ಹಿನ್ನೆಲೆಯ ಮೇಲೆ ಕಪ್ಪು ಗೆರೆ ಎಳೆದು, ಪಕ್ಕದಲ್ಲಿ ಬಿಳಿ ಛಾಯೆ ಮಾಯವಾಗುವವರೆಗೆ ಇಳಿಸಿ. ‘ಡೈನಮಿಕ್ ಕಾಂಟ್ರಾಸ್ಟ್’, ‘ಇಕೊ’, ‘ಎಫ್‌ಪಿಎಸ್ ಮೋಡ್’, ‘ಸಿನಿಮಾ ಮೋಡ್’ ಎಲ್ಲ ಬಂದ್ ಮಾಡಿ ‘ಸ್ಟ್ಯಾಂಡರ್ಡ್’ ಅಥವಾ ‘ಎಸ್‌ಆರ್‌ಜಿಬಿ’ಯಲ್ಲಿಡಿ. ಅಗಲ ಗ್ಯಾಮಟ್ (ಹೆಚ್ಚು ಗಾಢ ಬಣ್ಣ ತೋರಿಸಬಲ್ಲ) ಮಾದರಿಗಳಲ್ಲಿ ಮನುಷ್ಯರ ಮುಖ ಟೊಮೆಟೊ ಬಣ್ಣಕ್ಕೆ ತಿರುಗಿದ್ದರೆ ‘ಎಸ್‌ಆರ್‌ಜಿಬಿ’ಯೇ ಔಷಧ, ಆದರೆ ಅದರಲ್ಲಿ ಬ್ರೈಟ್‌ನೆಸ್ ಬದಲಿಸಲು ಬಿಡದ ಕಂಪನಿಗಳೂ ಇವೆ, ಅದು ಶುದ್ಧ ತರಲೆ. ಬ್ರೈಟ್‌ನೆಸ್ ಹೊಸದರಲ್ಲಿ ಮಿತಿಮೀರಿ ಇಟ್ಟಿರುತ್ತಾರೆ. ಮನೆಯೊಳಗಿನ ಕೆಲಸಕ್ಕೆ 120 ನಿಟ್ಸ್ (ಹೊಳಪಿನ ಅಳತೆ) ಆಸುಪಾಸು ಸಾಕು. ಅಳೆಯುವ ಯಂತ್ರವಿಲ್ಲದಿದ್ದರೆ ಪಕ್ಕದಲ್ಲಿ ಬಿಳಿ ಕಾಗದ ಹಿಡಿದು, ಪರದೆಯ ಬಿಳಿ ಅದಕ್ಕಿಂತ ಹೆಚ್ಚು ಉರಿಯದಂತೆ ಹೊಂದಿಸಿ.

ಪೆಟ್ಟಿಗೆಯ ಮೇಲೆ ‘ಡಿಸ್‌ಪ್ಲೇ ಎಚ್‌ಡಿಆರ್ 400’ (ಬೆಳಕು, ಕತ್ತಲೆಗಳ ಹೆಚ್ಚಿನ ಅಂತರ ತೋರಿಸುತ್ತದೆಂಬ ಗುರುತು) ಎಂಬ ಚೀಟಿ ಇದ್ದರೆ ಅದನ್ನು ಅಲಂಕಾರ ಎಂದೇ ತಿಳಿಯಿರಿ. 400 ನಿಟ್ಸ್ ಗರಿಷ್ಠ ಹೊಳಪು, ಭಾಗಭಾಗವಾಗಿ ಹಿಂಬೆಳಕು ಕುಗ್ಗಿಸುವ ವ್ಯವಸ್ಥೆ ಕಡ್ಡಾಯವಲ್ಲ. ವಿಂಡೋಸ್‌ನಲ್ಲಿ ಎಚ್‌ಡಿಆರ್ ಆನ್ ಮಾಡಿದ ಕೂಡಲೇ ಡೆಸ್ಕ್‌ಟಾಪ್ ಸಪ್ಪೆಯಾಗುವುದು ಇದಕ್ಕೇ. ವಿಂಡೋಸ್, ಆಲ್ಟ್, ಬಿ ಮೂರು ಕೀ ಒಟ್ಟಿಗೆ ಒತ್ತಿದರೆ ಆಫ್ ಆಗುತ್ತದೆ, ಆಫ್‌ನಲ್ಲೇ ಇರಲಿ.

ಇಷ್ಟು ಮಾಡಿಯೂ ಉಳಿಯುವುದು ಪ್ಯಾನೆಲ್‌ನ ಗುಣ. ವಿಎಯಲ್ಲಿ ಕಡುಕಪ್ಪಿನಿಂದ ಕಡುಬೂದಿಗೆ ಹೋಗುವ ಪಿಕ್ಸೆಲ್‌ಗಳು ತೀರಾ ನಿಧಾನ. 144 ಹರ್ಟ್ಜ್‌ನಲ್ಲಿ ಒಂದು ಚೌಕಟ್ಟಿಗೆ ಸಿಗುವ ಸಮಯ 6.9 ಮಿಲಿಸೆಕೆಂಡ್, ಈ ಕತ್ತಲ ಬದಲಾವಣೆಗಳಿಗೆ 20 ಮಿಲಿಸೆಕೆಂಡಿಗೂ ಹೆಚ್ಚು ಬೇಕಾಗುವುದುಂಟು. ಆದ್ದರಿಂದಲೇ ಡಾರ್ಕ್ ಮೋಡಿನಲ್ಲಿ ಪುಟ ಸರಿಸಿದರೆ ಅಕ್ಷರದ ಹಿಂದೆ ಮಸಿ ಬಳಿದಂತೆ ನೆರಳು. ‘ಓವರ್‌ಡ್ರೈವ್’ ಅಥವಾ ‘ರೆಸ್ಪಾನ್ಸ್ ಟೈಮ್’ ಆಯ್ಕೆಯನ್ನು ಮಧ್ಯಮಕ್ಕೆ ಏರಿಸಿದರೆ ಸ್ವಲ್ಪ ತಗ್ಗುತ್ತದೆ. ಗರಿಷ್ಠಕ್ಕೆ ಹಾಕಿದರೆ ಪಿಕ್ಸೆಲ್ ಗುರಿ ದಾಟಿ ಹೋಗಿ ಹಿಂಬದಿ ಬಿಳಿ ಪ್ರಭೆ ಮೂಡುತ್ತದೆ, ನೆರಳಿಗಿಂತ ಅದೇ ಹೆಚ್ಚು ಕಣ್ಣಿಗೆ ಚುಚ್ಚುತ್ತದೆ. ಟೆಸ್ಟ್‌ಯುಎಫ್‌ಒ ಜಾಲತಾಣದ ಓಡುವ ತಟ್ಟೆಗಳನ್ನು ನೋಡುತ್ತ ಪ್ರತಿ ಹಂತವನ್ನೂ ಹೋಲಿಸಿ. ಚೀಟಿಯ ಮೇಲಿನ ‘1 ಮಿಲಿಸೆಕೆಂಡ್ ಎಂಪಿಆರ್‌ಟಿ’ ಹಿಂಬೆಳಕನ್ನು ಮಿಟುಕಿಸಿ ಪಡೆದ ಲೆಕ್ಕ, ಪಿಕ್ಸೆಲ್ಲಿನ ವೇಗವಲ್ಲ. ಕೋಡ್ ಬರೆಯುವವರು ಡಾರ್ಕ್ ಮೋಡ್ ಬಿಡಲಾಗದಿದ್ದರೆ ಹಿನ್ನೆಲೆಯನ್ನು ಪೂರ್ತಿ ಕಪ್ಪಿನ ಬದಲು ಬೂದಿಗೆ ತರಲಿ, ನೆರಳು ಅರ್ಧಕ್ಕರ್ಧ ಕಣ್ಮರೆಯಾದಂತೆ ಕಾಣುತ್ತದೆ. ಆಟದ ಲೋಡಿಂಗ್ ಪುಟದಲ್ಲಿ ಬೂದಿಯ ಭಾಗ ಮಿಣುಕಿದರೆ ಅದು ಆಟದ ಚೌಕಟ್ಟುಗಳಿಗೆ ತಕ್ಕಂತೆ ಹರ್ಟ್ಜ್ ಬದಲಿಸುವ ಫ್ರೀಸಿಂಕ್‌ನ ಪ್ರಸಾದ: ಹರ್ಟ್ಜ್ ಏರಿಳಿದಾಗ ವಿಎಯ ಹೊಳಪೂ ಏರಿಳಿಯುತ್ತದೆ. ಫ್ರೇಮ್ ದರಕ್ಕೆ ಮಿತಿ ಹಾಕಿ ಸ್ಥಿರವಾಗಿಡಿ, ಇಲ್ಲವೆ ಡೆಸ್ಕ್‌ಟಾಪಿನಲ್ಲಿ ಅದನ್ನು ಬಂದ್ ಮಾಡಿ.

ಮೂಲೆಯ ಬೆಳಕನ್ನು ನೋಡಲು ಮಾನಿಟರ್ ಅರ್ಧ ಗಂಟೆ ಉರಿದಿರಬೇಕು. ಕೋಣೆ ಕತ್ತಲು ಮಾಡಿ, ಬ್ರೈಟ್‌ನೆಸ್ ದಿನಬಳಕೆಯ ಮಟ್ಟದಲ್ಲೇ ಇಟ್ಟು, ಪೂರ್ತಿ ಕಪ್ಪು ಚಿತ್ರ ಹಾಕಿ. ತಲೆಯನ್ನು ಅತ್ತಿತ್ತ ಸರಿಸಿದಾಗ ಬೆಳಕಿನ ಆಕಾರ ಬದಲಾದರೆ, ಹಿಂದೆ ಸರಿದಾಗ ಕಡಿಮೆಯಾದರೆ, ಅದು ಸೋರಿಕೆಯಲ್ಲ, ಐಪಿಎಸ್ ಪ್ಯಾನೆಲ್ ಕೊಂಡಿದ್ದರೆ ಅದಕ್ಕೆ ಸಹಜವಾದ ಹೊಳಪು. ಬದಲಿಸಿ ತಂದರೂ ಅದೇ ಬರುತ್ತದೆ. ಎಲ್ಲಿಂದ ನೋಡಿದರೂ ಅಂಚಿನಲ್ಲಿ ಅದೇ ಜಾಗದಲ್ಲಿ ಹಳದಿ ಬಿಳಿ ಮಚ್ಚೆ ನಿಂತಿದ್ದರೆ ಚೌಕಟ್ಟು ಪ್ಯಾನೆಲನ್ನು ಒತ್ತುತ್ತಿದೆ, ಹಿಂಬೆಳಕು ಸೋರುತ್ತಿದೆ. ಇದಕ್ಕೆ ಬದಲಿ ಕೇಳಬಹುದು. ಫೋಟೊ ತೆಗೆಯುವಾಗ ಮೊಬೈಲ್ ತಾನಾಗಿ ಎಕ್ಸ್‌ಪೋಶರ್ ಏರಿಸಿ ಎಲ್ಲವನ್ನೂ ಭೂತದಂತೆ ತೋರಿಸುತ್ತದೆ, ಆದ್ದರಿಂದ ಕಣ್ಣಿಗೆ ಕಂಡಷ್ಟೇ ಬರುವಂತೆ ಎಕ್ಸ್‌ಪೋಶರ್ ಇಳಿಸಿ ತೆಗೆಯಿರಿ. ಉತ್ಪ್ರೇಕ್ಷೆಯ ಫೋಟೊ ಕಳಿಸಿದರೆ ಸರ್ವೀಸಿನವರು ಅದನ್ನೇ ಹಿಡಿದು ವಾದಿಸುತ್ತಾರೆ.

ಸತ್ತ ಪಿಕ್ಸೆಲ್‌ಗೆ ಕಪ್ಪು, ಬಿಳಿ, ಕೆಂಪು, ಹಸಿರು, ನೀಲಿ ಐದು ಪೂರ್ಣಪರದೆ ಬಣ್ಣ ಹಾಕಿ ನೋಡಿ. ಒಂದು ಸತ್ತಿದ್ದ ಮಾತ್ರಕ್ಕೆ ಎಲ್ಲರೂ ಬದಲಿಸಿಕೊಡುವುದಿಲ್ಲ. ಹಳೆಯ ಐಎಸ್‌ಒ 13406-2 ಮಾನದಂಡದ ಎರಡನೇ ದರ್ಜೆ ಪ್ರತಿ ಹತ್ತು ಲಕ್ಷ ಪಿಕ್ಸೆಲ್‌ಗೆ ಸದಾ ಉರಿಯುವವು 2, ಸದಾ ಆರಿದವು 2 ಇರಲು ಬಿಟ್ಟಿತ್ತು. ಅದರ ಜಾಗಕ್ಕೆ ಈಗ 9241-307 ಬಂದಿದೆ. 3440×1440 ಎಂದರೆ ಸುಮಾರು 50 ಲಕ್ಷ ಪಿಕ್ಸೆಲ್, ಆ ಹಳೆಯ ಲೆಕ್ಕದಲ್ಲಿ ಆರಿದವು ಹತ್ತರವರೆಗೆ ಇದ್ದರೂ ಮಾನಿಟರ್ ‘ಸರಿಯಾಗಿದೆ’! ಆದ್ದರಿಂದ ಕೊಳ್ಳುವ ಮೊದಲೇ ಆ ಮಾದರಿಯ ಪಿಕ್ಸೆಲ್ ನೀತಿ ಓದಿ. ಉರಿಯುವ ಚುಕ್ಕಿ ಒಂದಿದ್ದರೂ ಬದಲಿಸುವ ಮಾದರಿ ಸಿಕ್ಕರೆ ಸಾವಿರ ರೂಪಾಯಿ ಹೆಚ್ಚು ಕೊಡಲು ಅಡ್ಡಿಯಿಲ್ಲ.

ಸ್ಪ್ರೆಡ್‌ಶೀಟ್, ಕೋಡ್, ವಿಡಿಯೊ ಎಡಿಟಿಂಗ್‌ಗೆ ಈ ವರ್ಗ ಕೊಟ್ಟ ದುಡ್ಡಿಗೆ ನ್ಯಾಯ ಒದಗಿಸುತ್ತದೆ. ಎರಡು ಮಾನಿಟರ್ ಜೋಡಿಸಿ ನಡುವಿನ ಪಟ್ಟಿ ನೋಡುವ ಪಾಡಿಲ್ಲ. ಬಣ್ಣ ತಿದ್ದುವ ಕೆಲಸಕ್ಕೆ ವಿಎ ಬೇಡ, ಅಂಚಿಗೆ ಹೋದಂತೆ ಬಣ್ಣ ಜಾರುತ್ತದೆ, ಐಪಿಎಸ್ ತೆಗೆದುಕೊಳ್ಳಿ. ದಿನವಿಡೀ ಡಾರ್ಕ್ ಮೋಡ್‌ನಲ್ಲಿ ಸ್ಕ್ರೋಲ್ ಮಾಡುವವರೂ ಹಾಗೆಯೇ.

ವಾಪಸಿನ ಅವಧಿ ಆನ್‌ಲೈನಿನಲ್ಲಿ ಬಹುತೇಕ 7ರಿಂದ 10 ದಿನ, ಎಷ್ಟೋ ಕಡೆ ಬರೀ ಬದಲಿ, ಹಣವಲ್ಲ. ಅಷ್ಟು ದಿನ ಪೆಟ್ಟಿಗೆಯನ್ನೂ ಥರ್ಮಾಕೋಲನ್ನೂ ಬಿಸಾಡಬೇಡಿ. ಬಾಗಿದ ಪರದೆಯ ಥರ್ಮಾಕೋಲ್ ಅದೇ ಬಾಗಿಗೆ ಎರಕ ಹೊಯ್ದಿರುತ್ತದೆ, ಬೇರೆ ಪೆಟ್ಟಿಗೆಯಲ್ಲಿ ಅದು ಸುರಕ್ಷಿತವಾಗಿ ಕೂರುವುದಿಲ್ಲ. ಮತ್ತೆ ತುಂಬುವಾಗ ಮೊದಲು ಸ್ಟ್ಯಾಂಡ್ ಕಳಚಿ, ಇಬ್ಬರು ಹಿಡಿದು, ಬೆರಳು ಗಾಜಿನ ಮೇಲೆ ಬೀಳದಂತೆ ಕೆಳಗಿನ ಚೌಕಟ್ಟು ಮತ್ತು ಬೆನ್ನು ಆನಿಸಿ ಎತ್ತಿ.